ಜಾಲತಾಣದೊಳಗಿಂದ ಸರ್ವರಿಗೆ ಆದೇಶ

ಜಾಲತಾಣವೊಂದು ತನಗೆ ಬಾರದ ಕೆಲಸವನ್ನು ಅದೇ ಸರ್ವರಿನಲ್ಲಿರುವ ಬೇರೊಂದು ತಂತ್ರಾಂಶದಿಂದ ಮಾಡಿಸಿಕೊಳ್ಳಬಲ್ಲುದು. ಶಾಲಾ ವಾರ್ಷಿಕೋತ್ಸವದ ದೊಡ್ಡ ಛಾಯಾಚಿತ್ರವನ್ನು ಏರಿಸಿದೊಡನೆ ಅದು ಕಿರಿದಾಗಿ ಕಾಣಿಸಿಕೊಳ್ಳುವುದು ಹಲವೆಡೆ ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶದ ಕೆಲಸ. ಅದನ್ನು ಕರೆಯಲು ಪಿಎಚ್‌ಪಿ ಭಾಷೆಯಲ್ಲಿ ‘ಎಕ್ಸೆಕ್’, ಪೈಥಾನ್‌ನಲ್ಲಿ ‘ಸಬ್‌ಪ್ರೋಸೆಸ್’ ಮೊದಲಾದ ಸಾಧನಗಳಿವೆ.

ಆದೇಶದ ಸಾಲನ್ನು ಓದಿ, ಬಿಡಿಸಿ, ನಡೆಸುವ ನಡುವಣ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು. ಅರ್ಧವಿರಾಮ ಚಿಹ್ನೆಯನ್ನು ಕಂಡರೆ ಒಂದು ಆದೇಶ ಮುಗಿದು ಮತ್ತೊಂದು ಆರಂಭವಾಯಿತೆಂದು ಅದು ತಿಳಿಯುತ್ತದೆ. ಬಳಕೆದಾರನು ಕೊಟ್ಟ ಕಡತದ ಹೆಸರನ್ನು ಹಾಗೆಯೇ ಈ ಸಾಲಿಗೆ ಅಂಟಿಸಿದರೆ, ಹೆಸರಿನೊಳಗೆ ಅರ್ಧವಿರಾಮವನ್ನಿಟ್ಟು ಅದರ ಬೆನ್ನಿಗೆ ಅಳಿಸುವ ಆದೇಶವನ್ನು ಬರೆದವನ ಮಾತನ್ನೂ ಶೆಲ್ ಪಾಲಿಸುತ್ತದೆ. ಬರೆದವರು ಯಾರೆಂದು ಅದು ಕೇಳುವುದಿಲ್ಲ. ಮಕ್ಕಳ ಜನ್ಮದಿನಾಂಕ, ಪೋಷಕರ ದೂರವಾಣಿ ಸಂಖ್ಯೆಗಳಿರುವ ಸರ್ವರಿನಲ್ಲಿ ಇದು ಸಣ್ಣ ಮಾತಲ್ಲ.

2014ರ ಸೆಪ್ಟೆಂಬರ್ 24ರಂದು ಬಹಿರಂಗವಾದ ‘ಶೆಲ್‌ಶಾಕ್’ ದೋಷ ಇನ್ನೂ ವಿಚಿತ್ರವಾದುದು. ಬ್ಯಾಶ್ ಎಂಬ ಶೆಲ್ಲಿನಲ್ಲಿ 1989ರಿಂದ ಅಡಗಿದ್ದ ಅದನ್ನು ಸ್ಟೆಫಾನ್ ಶಾಜೆಲಾಸ್ ಪತ್ತೆಹಚ್ಚಿದರು. ಹಳೆಯ ಸಿಜಿಐ ಪದ್ಧತಿಯಲ್ಲಿ ಬ್ರೌಸರ್ ತನ್ನ ಪರಿಚಯಕ್ಕೆಂದು ಕಳುಹಿಸುವ ಸಾಲು ಸಹ ಶೆಲ್ಲನ್ನು ತಲುಪುತ್ತಿತ್ತು. ಅದರಲ್ಲಿ ಹುದುಗಿಸಿದ ಆದೇಶವನ್ನು ಬ್ಯಾಶ್ ನಡೆಸಿಬಿಡುತ್ತಿತ್ತು.

ಶೆಲ್ಲನ್ನು ನಡುವೆ ತಾರದಿರುವುದೇ ಉತ್ತಮ. ಪೈಥಾನ್‌ನಲ್ಲಿ ಆದೇಶವನ್ನು ಒಂದೇ ಸಾಲಾಗಿ ಹೊಸೆಯದೆ, ತಂತ್ರಾಂಶದ ಹೆಸರು, ಕಡತದ ಹೆಸರು ಎಂದು ಬಿಡಿಬಿಡಿಯಾಗಿ ಪಟ್ಟಿಯ ರೂಪದಲ್ಲಿ ಕೊಟ್ಟರೆ ಅರ್ಧವಿರಾಮ ಬರಿಯ ಅಕ್ಷರವಾಗಿ ಉಳಿಯುತ್ತದೆ. ಪಿಎಚ್‌ಪಿ 7.4ರಿಂದ ‘ಪ್ರೋಕ್ ಓಪನ್’ ಸಹ ಇಂಥ ಪಟ್ಟಿಯನ್ನು ಸ್ವೀಕರಿಸುತ್ತದೆ.

ಪಿಎಚ್‌ಪಿಯಲ್ಲಿ ಬಹುಮಂದಿ ನೆಚ್ಚುವ ‘ಎಸ್ಕೇಪ್‌ಶೆಲ್‌ಆರ್ಗ್’ ಹೆಸರಿನ ಸುತ್ತ ಉದ್ಧರಣ ಚಿಹ್ನೆಗಳ ಬೇಲಿ ಹಾಕುತ್ತದೆ. ಕನ್ನಡಿಗರಿಗೆ ಇದರಲ್ಲೊಂದು ತೊಡಕಿದೆ. ಭಾಷಾ ಸಿದ್ಧತೆ, ಅಂದರೆ ಲೋಕೇಲ್, ‘ಸಿ’ ಎಂದಿದ್ದರೆ ಕನ್ನಡ ಅಕ್ಷರಗಳನ್ನೆಲ್ಲ ಅದು ಸದ್ದಿಲ್ಲದೆ ಕಿತ್ತುಹಾಕುತ್ತದೆ. ‘ವಾರ್ಷಿಕೋತ್ಸವ’ ಎಂದು ಹೆಸರಿಟ್ಟ ಚಿತ್ರದಲ್ಲಿ ಚುಕ್ಕಿಯೂ ಅದರ ಮುಂದಿನ ಇಂಗ್ಲಿಷ್ ಅಕ್ಷರಗಳೂ ಮಾತ್ರ ಉಳಿಯುತ್ತವೆ. ಕಡತವೇ ಸಿಕ್ಕಲಿಲ್ಲವೆಂಬ ದೋಷಸೂಚನೆ ಬರುತ್ತದೆ. ಲೋಕೇಲನ್ನು ಯುಟಿಎಫ್-8ಕ್ಕೆ ಬದಲಿಸಿದರೆ ಸರಿಹೋಗುವ ಸಂಗತಿಯಿದು. ಕನ್ನಡದಲ್ಲಿ ಹೆಸರಿಡಬೇಡಿರೆಂದು ಗಡಿನಾಡಿನ ನಮ್ಮ ಮಕ್ಕಳಿಗೆ ಹೇಳುವುದನ್ನು ನಾವು ಪರಿಹಾರವೆಂದು ಒಪ್ಪಲಾರೆವು. ಸರ್ವರಿನಲ್ಲಿ ಕಡತಕ್ಕೊಂದು ಕ್ರಮಸಂಖ್ಯೆಯನ್ನು ಕೊಟ್ಟು, ಕನ್ನಡದ ಹೆಸರನ್ನು ದತ್ತಸಂಚಯದಲ್ಲಿ ಕಾಪಾಡಿದರೆ ಎರಡೂ ಕೆಲಸ ಆಗುತ್ತದೆ. ಚಿತ್ರವನ್ನು ಕಿರಿದುಮಾಡುವುದಷ್ಟೇ ಉದ್ದೇಶವಾದರೆ ಪಿಎಚ್‌ಪಿಯ ‘ಜಿಡಿ’ ಸಂಗ್ರಹವೇ ಸಾಕು. ಹೊರಗಿನ ಆದೇಶದ ಅಗತ್ಯವೇ ಬೀಳದು.