ಬೀಗ ತೆರೆದ ಜುಮಾ



ಅಲ್ಬೇನಿಯಾದ ಕಮ್ಯುನಿಸ್ಟ್ ಆಡಳಿತಗಾರನ ಹೆಸರು ಎನ್ವರ್ ಹೋಜಾ. ‘ಹೋಜಾ’ ಎಂದರೆ ದೀನೀ ಶಿಕ್ಷಣ ಕೊಡುವ ಉಸ್ತಾದ್. ಆದರೆ 1967ರಲ್ಲಿ ಅವನ ಸರಕಾರವೇ ಮಸೀದಿ, ಚರ್ಚು ಎಲ್ಲಕ್ಕೂ ಬೀಗ ಜಡಿಯಿತು. ಹಲವನ್ನು ಕೆಡವಿತು, ಕೆಲವನ್ನು ಗೋದಾಮು ಮಾಡಿತು. ಹಾಫಿಝ್ ಸಬ್ರಿ ಕೋಚಿಯವರು ಸುಮಾರು ಇಪ್ಪತ್ತು ವರ್ಷ ಸೆರೆಮನೆಯಲ್ಲಿ ಕಳೆದರು.

1990ರ ನವೆಂಬರ್ ಮೊದಲಲ್ಲಿ ಶ್ಕೋಡರ್ ನಗರದ ಸ್ಮಶಾನದಲ್ಲಿ ಕ್ಯಾಥೊಲಿಕ್ ಪಾದ್ರಿಯೊಬ್ಬರು ಬಹಿರಂಗವಾಗಿ ಬಲಿಪೂಜೆ ಅರ್ಪಿಸಿದರು. ಮುಸ್ಲಿಮರೂ ಅಲ್ಲಿ ನೆರೆದಿದ್ದರು. ನವೆಂಬರ್ 16ರ ಶುಕ್ರವಾರ, 1773ರಲ್ಲಿ ಕಟ್ಟಿದ ಸೀಸದ ಮಸೀದಿಯಲ್ಲಿ ಹಾಫಿಝರು ಜುಮಾ ನಮಾಝಿನ ಇಮಾಮರಾದರು. ಆಗ ಕ್ರೈಸ್ತ ನೆರೆಹೊರೆಯವರೂ ಬಂದರು. ನೆರೆಯವನ ಪ್ರಾರ್ಥನೆಗೆ ಬೀಗ ಬಿದ್ದರೆ ನಮ್ಮದೂ ಉಳಿಯದೆಂದು ಅವರು ಕಷ್ಟದಿಂದ ಕಲಿತಿದ್ದರು.

ಬೀಗ ಒಂದು ದಿನದಲ್ಲಿ ತೆರೆಯಿತು. ಆದರೆ ಇಪ್ಪತ್ತಮೂರು ವರ್ಷಗಳಲ್ಲಿ ಬೆಳೆದ ಪೀಳಿಗೆಯ ಅನೇಕರಿಗೆ ವುಝೂ ಮಾಡುವುದೂ ತಿಳಿದಿರಲಿಲ್ಲ. ಅಷ್ಟಿಷ್ಟು ಉಳಿದಿದ್ದರೆ, ಅದು ಮನೆಯೊಳಗೆ ಗುಟ್ಟಾಗಿ ರೋಝಾ ಹಿಡಿದ, ಮಕ್ಕಳ ಕಿವಿಯಲ್ಲಿ ಕಲಿಮಾ ಹೇಳಿದ ಹಿರಿಯರಿಂದ.

ನಮ್ಮ ಮಸೀದಿಗಳ ಬಾಗಿಲು ತೆರೆದಿದೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುವವರು ಯಾರು? ಈ ಶುಕ್ರವಾರ ನಾವು ನಮ್ಮನ್ನೇ ಕೇಳಿಕೊಳ್ಳೋಣ. ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.