ಎತ್ತರದ ಗಾಡಿಗೆ ಗಿಡ್ಡ ಏರಿಯಲ್

ಏರಿಯಲ್ ಎತ್ತರದಲ್ಲಿದ್ದಷ್ಟೂ ಒಳ್ಳೆಯದೆಂಬುದು ಮನೆಯ ತಾರಸಿ ಮೇಲೆ ಟೀವಿ ಕಂಬ ನಿಲ್ಲಿಸಿದವರಿಗೆಲ್ಲ ಗೊತ್ತು. ಆ ಲೆಕ್ಕದಲ್ಲಿ ಬಸ್ಸು, ಟ್ರಕ್ಕುಗಳಂಥ ಎತ್ತರದ ಗಾಡಿಗಳು ರೇಡಿಯೋಗೆ ಹೇಳಿ ಮಾಡಿಸಿದಂತಿರಬೇಕು. ಆದದ್ದು ತಿರುಗುಮುರುಗು. ಗಾಡಿ ಎತ್ತರವಾದಂತೆ ಅದರ ಏರಿಯಲ್ ಗಿಡ್ಡವಾಗುತ್ತ ಬಂತು, ನೆತ್ತಿಯಿಂದ ಇಳಿದು ಪಕ್ಕಕ್ಕೆ ಸರಿಯಿತು. ಯಾವ ಏರಿಯಲ್ ಬೇಕು, ಎಲ್ಲಿ ಕೂರಿಸಬೇಕು ಎಂಬುದನ್ನು ತೀರ್ಮಾನಿಸಿದ್ದು ರೇಡಿಯೋ ಶಾಸ್ತ್ರಕ್ಕಿಂತ ಹೆಚ್ಚಾಗಿ ಸೇತುವೆಗಳ ಕೆಳಗಿನ ಜಾಗ ಮತ್ತು ಗಾಡಿಯ ಮೈಕಟ್ಟು. ಅಮೆರಿಕದ ಟ್ರಕ್ಕುಗಳ ಎರಡೂ ಕನ್ನಡಿಗಳ ಬಳಿ ಕೊಂಬಿನಂತೆ ನಿಂತ ಜೋಡಿ ಏರಿಯಲ್‌ಗಳನ್ನು ಬರೀ ಶೋಕಿ ಎಂದು ತಳ್ಳಿಹಾಕುವವರು ಈ ಅಂಶವನ್ನು ಮರೆಯುತ್ತಾರೆ.

ತೊಡಕು ಹಳೆಯದು. 1901ರಲ್ಲಿ ಮಾರ್ಕೋನಿ ಇಂಗ್ಲೆಂಡಿನಲ್ಲಿ ಥಾರ್ನಿಕ್ರಾಫ್ಟ್ ಕಂಪನಿಯ ಉಗಿಬಂಡಿಯೊಂದಕ್ಕೆ ನಿಸ್ತಂತು ಯಂತ್ರ ಕೂರಿಸಿದ. ಛಾವಣಿಯ ಮೇಲೆ ಆರೇಳು ಮೀಟರ್ ಉದ್ದದ, ಹೊಗೆಕೊಳವೆಯಂಥ ಲೋಹದ ಉರುಳೆ. ಸಂದೇಶ ಕಳಿಸುವಾಗ ಅದನ್ನು ಎತ್ತಿ ನಿಲ್ಲಿಸುವುದು, ಬಂಡಿ ಹೊರಟಾಗ ಛಾವಣಿಯ ಮೇಲೆ ಮಲಗಿಸುವುದು. ನಿಂತು ಸಂದೇಶ ಕಳಿಸುವ ಬಂಡಿಗೆ ಈ ಏರ್ಪಾಟು ಸಾಕು. ಓಡುತ್ತಲೇ ಮಾತಾಡಬೇಕಾದ ಟ್ರಕ್ ಚಾಲಕನಿಗೆ ಎತ್ತುತ್ತ ಇಳಿಸುತ್ತ ಕೂರಲು ಪುರಸೊತ್ತೆಲ್ಲಿ?

ಅಮೆರಿಕದಲ್ಲಿ ಆ ಚಾಲಕನಿಗೆ 27 ಮೆಗಾಹರ್ಟ್ಸ್‌ನ ಸಿಟಿಜನ್ಸ್ ಬ್ಯಾಂಡ್, ಅಂದರೆ ಜನಸಾಮಾನ್ಯರು ಪರಸ್ಪರ ಮಾತಾಡುವ ರೇಡಿಯೋ, ಸಿಕ್ಕಿದ್ದು 1958ರಲ್ಲಿ. ಅದು ಅವನ ಜೀವನಾಡಿಯಾದದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಡೀಸೆಲ್ ಎಲ್ಲಿ ಸಿಗುತ್ತದೆ, 1974ರಲ್ಲಿ ಬಂದ ಗಂಟೆಗೆ 55 ಮೈಲಿಯ ಮಿತಿಯನ್ನು ಕಾಯುತ್ತ ಪೊಲೀಸರು ಎಲ್ಲಿ ನಿಂತಿದ್ದಾರೆ ಎಂಬುದೆಲ್ಲ ಅದರಲ್ಲೇ ಗೊತ್ತಾಗಬೇಕು. ಈ ರೇಡಿಯೋ ಅಲೆಯ ಉದ್ದ ಸುಮಾರು 11 ಮೀಟರ್; ಅದರ ಕಾಲುಭಾಗ, ಅಂದರೆ 2.7 ಮೀಟರಿನಷ್ಟು ಉದ್ದದ ಕಡ್ಡಿ ಇದ್ದರೆ ಚೆನ್ನ. ಕಾರಿನವನು ಅದನ್ನು ಹಿಂದಿನ ಬಂಪರಿಗೆ ಸ್ಪ್ರಿಂಗ್ ಹಾಕಿ ಬಿಗಿದುಕೊಂಡ. ಟ್ರಕ್ಕಿನವನ ಬೆನ್ನಿಗೆ ಟ್ರೈಲರ್ ಇದೆ, ಅದು ಊರೂರಿಗೆ ಬದಲಾಗುತ್ತದೆ, ಹಾಗಾಗಿ ಏರಿಯಲ್ ಮುಂದಿನ ಕ್ಯಾಬಿನ್ನಿನಲ್ಲೇ ಇರಬೇಕು. ಕ್ಯಾಬಿನ್ ನೆತ್ತಿಯ ಮೇಲೆ ನಿಲ್ಲಿಸಿದರೆ? ಬಹುಪಾಲು ರಾಜ್ಯಗಳಲ್ಲಿ ಗಾಡಿಯ ಎತ್ತರ 13 ಅಡಿ 6 ಇಂಚು, ಅಂದರೆ 4.1 ಮೀಟರ್ ದಾಟುವಂತಿಲ್ಲ. ನೆತ್ತಿಯ ಮೇಲಿನ ಉದ್ದ ಕಡ್ಡಿ ಆ ಗೆರೆಯನ್ನು ಎಲ್ಲೋ ದಾಟಿ ಪ್ರತಿ ಸೇತುವೆಗೂ ಬಡಿಯುತ್ತದೆ. ಉಳಿದದ್ದು ಕನ್ನಡಿ ಹಿಡಿದ ಕಬ್ಬಿಣದ ಚೌಕಟ್ಟು. ಫೈಬರ್‌ಗ್ಲಾಸ್ ಕೋಲಿಗೆ ತಂತಿ ಸುತ್ತಿ ನಾಲ್ಕಡಿಗೆ ಇಳಿಸಿದ ಏರಿಯಲ್ ಅಲ್ಲಿ ಹಿಡಿಸಿತು. ಗಿಡ್ಡ ಮಾಡಿದ್ದಕ್ಕೆ ಶಕ್ತಿಯಲ್ಲಿ ದಂಡ ತೆರಬೇಕು. ಕಾನೂನು ಕೊಟ್ಟದ್ದೇ ನಾಲ್ಕು ವ್ಯಾಟ್, ಅದರಲ್ಲಿ ಈ ಕಡಿತ.

ಕನ್ನಡಿಯ ಪಕ್ಕದಲ್ಲಿ ಇನ್ನೊಂದು ಕಷ್ಟ ಕಾದಿತ್ತು. ಎಡಗಡೆಯ ಏರಿಯಲ್‌ಗೆ ಕ್ಯಾಬಿನ್ನೂ ಅಲ್ಯೂಮಿನಿಯಂ ಟ್ರೈಲರೂ ಸೇರಿ ಬಲಗಡೆಗೂ ಹಿಂದಕ್ಕೂ ಗೋಡೆ ಕಟ್ಟುತ್ತವೆ. ಬಲಗಡೆಗೆ ಹಾಕಿದರೆ ಎಡಗಡೆ ಕುರುಡು. ಎರಡೂ ಕಡೆ ಒಂದೊಂದು ಹಾಕಿ ಒಂದೇ ರೇಡಿಯೋಗೆ ಸೇರಿಸುವುದು ಈ ಕಷ್ಟಕ್ಕೆ ಸಿಕ್ಕ ಉತ್ತರ. ಸೇರಿಸುವ ಕೆಲಸದ ಜಾಣತನವನ್ನು ನೋಡಬೇಕು. 50 ಓಮ್‌ನ ಎರಡು ಏರಿಯಲ್‌ಗಳನ್ನು ಸುಮ್ಮನೆ ಜೋಡಿಸಿದರೆ ರೇಡಿಯೋಗೆ 25 ಓಮ್ ಕಾಣುತ್ತದೆ, ಅದಕ್ಕೆ ಒಗ್ಗುವುದಿಲ್ಲ. ಅದಕ್ಕೆಂದೇ ಎರಡು ಕಡೆಗೂ 18 ಅಡಿಯ 75 ಓಮ್ ಕೇಬಲ್. ಕೇಬಲ್ಲಿನೊಳಗೆ ಅಲೆ ನಿಧಾನವಾಗಿ ಸಾಗುವುದರಿಂದ ಆ 18 ಅಡಿ ಮುಕ್ಕಾಲು ಅಲೆಗೆ ಸಮ. ಹಾಗಿದ್ದಾಗ ಒಂದೊಂದು ಏರಿಯಲ್ಲೂ ಸುಮಾರು 112 ಓಮ್‌ನಂತೆ ಕಾಣುತ್ತದೆ, ಎರಡೂ ಸೇರಿದಾಗ 56, ರೇಡಿಯೋ ಬಯಸುವ 50ರ ಹತ್ತಿರ. ಉಳಿದ ಕೇಬಲ್ ಸೀಟಿನ ಹಿಂದೆ ಸುತ್ತಿಕೊಂಡು ಬಿದ್ದಿರುತ್ತದೆ. ಅಂದವಾಗಿ ಕಾಣಲೆಂದು ಅದನ್ನು ಕತ್ತರಿಸಿದರೆ ಲೆಕ್ಕವೆಲ್ಲ ಕೆಡುತ್ತದೆ.

ಜೋಡಿಯಿಂದ ಸಿಗುವ ಲಾಭ ಕಡಿಮೆ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಎರಡೂ ಏಕಕಾಲಕ್ಕೆ ಮಿಡಿದಾಗ ಸದ್ದು ರಸ್ತೆಯುದ್ದಕ್ಕೆ, ಹಿಂದೆ ಮುಂದೆ, ತುಸು ಹೆಚ್ಚು ಹೋಗುತ್ತದೆ. ಆದರೆ ಕನ್ನಡಿಗಳ ನಡುವಿನ ಅಂತರ ಕಾಲು ಅಲೆಯ ಆಸುಪಾಸಿನದು. ಅಷ್ಟರಲ್ಲಿ ಈ ಹೆಚ್ಚಳ ಒಂದು ಡೆಸಿಬೆಲ್ ಆಚೀಚೆ, ಕಿವಿಗೆ ತಿಳಿಯುವುದೂ ಕಷ್ಟ. ಇದನ್ನೇ ಹಿಡಿದು ಜೋಡಿ ದಂಡವೆನ್ನುವವರು ಹೋಲಿಸುತ್ತಿರುವುದು ಬಯಲಿನಲ್ಲಿ ನಿಂತ ಒಂಟಿ ಏರಿಯಲ್ ಜೊತೆ. ಟ್ರಕ್ಕಿಗೆ ಅಂಥದ್ದು ಸಿಗುತ್ತಲೇ ಇರಲಿಲ್ಲ. ಚಾಲಕನ ಮುಂದಿದ್ದ ಆಯ್ಕೆ ಒಂದು ಬದಿ ಕುರುಡಾದ ಒಂಟಿ ಅಥವಾ ಜೋಡಿ. ಮುಂದೆ ಉದ್ದ ಕಾಂಡದ ತುದಿಯಲ್ಲಿ ಸುರುಳಿಯನ್ನು ಕ್ಯಾಬಿನ್ನಿನ ಮೇಲಕ್ಕೆ ಎತ್ತಿ ಹಿಡಿಯುವ ಒಂಟಿ ಏರಿಯಲ್‌ಗಳು ಮಾರುಕಟ್ಟೆಗೆ ಬಂದವು, ಜೋಡಿಯ ಅನಿವಾರ್ಯತೆ ತಗ್ಗಿತು. ಅದು ಸರಿ, ಆದರೆ ಅದರಿಂದ ಹಳೆಯ ಆಯ್ಕೆ ತಪ್ಪಾಗುವುದಿಲ್ಲ.

ಶೋಕಿಯೂ ಇತ್ತು, ಇಲ್ಲವೆನ್ನಲಾಗದು. ಬೆನ್ನಿಗೆ ಟ್ರೈಲರ್ ಇಲ್ಲದ, ಅಗಲ ಕಡಿಮೆಯಿರುವ ಪಿಕಪ್ ಗಾಡಿಗಳಿಗೂ ಜನ ಎರಡೆರಡು ಕೋಲು ಸಿಕ್ಕಿಸಿಕೊಂಡರು. ಛಾವಣಿಯ ನಡುವೆ ಒಂದೇ ಒಂದು ಏರಿಯಲ್ ಇಟ್ಟಿದ್ದರೆ ಅವರಿಗೆ ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು.