ನ್ಯೂ ಆರ್ಲಿಯನ್ಸ್ ರೇವುಪಟ್ಟಣದ ಪತನ

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ೧೮೬೧ನೆಯ ಇಸವಿಯಿಂದ ೧೮೬೫ರ ವರೆಗೆ ನಡೆದ ಅಂತರ್ಯುದ್ಧಕ್ಕೆ ದಾಸ್ಯಪದ್ಧತಿಯೇ ಮೂಲಕಾರಣವಾಗಿದ್ದಿತು. ಬೇರ್ಪಟ್ಟ ದಕ್ಷಿಣ ಸಂಸ್ಥಾನಗಳ ಐಶ್ವರ್ಯವು ಗುಲಾಮರ ದುಡಿಮೆಯಿಂದ ಬೆಳೆದ ಹತ್ತಿಯಲ್ಲಿ ಅಡಗಿದ್ದಿತು. ಆ ಹತ್ತಿಯು ಸಮುದ್ರವನ್ನು ಸೇರುವ ಹೆಬ್ಬಾಗಿಲೇ ಮಿಸಿಸಿಪ್ಪಿ ನದಿಯ ದಡದ ನ್ಯೂ ಆರ್ಲಿಯನ್ಸ್. ೧೮೬೦ರ ಜನಗಣತಿಯಂತೆ ಸುಮಾರು ೧,೬೮,೦೦೦ ಜನರಿದ್ದ ಈ ಪಟ್ಟಣಕ್ಕೆ ಸಮನಾದ ನಗರವು ದಕ್ಷಿಣದಲ್ಲಿ ಮತ್ತೊಂದಿರಲಿಲ್ಲ.

ನಗರಕ್ಕೆ ಸುಮಾರು ೭೦ ಮೈಲಿ ಕೆಳಗೆ, ನದಿಯ ಇಕ್ಕೆಲಗಳಲ್ಲಿ ಜ್ಯಾಕ್ಸನ್, ಸೇಂಟ್ ಫಿಲಿಪ್ ಎಂಬ ಎರಡು ಕೋಟೆಗಳಿದ್ದುವು. ಹಳೆಯ ಹಡಗುಗಳನ್ನು ಸರಪಣಿಯಿಂದ ಬಿಗಿದು ಪ್ರವಾಹಕ್ಕೆ ಅಡ್ಡಗಟ್ಟಿದ್ದರು. ಮರದ ಹಡಗುಗಳು ಇವನ್ನು ದಾಟಲಾರವೆಂದು ನಂಬಿದ ದಕ್ಷಿಣದ ಸರ್ಕಾರವು, ಅಪಾಯವು ಉತ್ತರದಿಂದಲೇ ಬರುವುದೆಂದೆಣಿಸಿ, ನಗರದ ಸೈನ್ಯದ ಬಹುಭಾಗವನ್ನು ಟೆನೆಸಿಯ ಕಡೆಗೆ ಕಳುಹಿಸಿದ್ದಿತು. ಆ ನಂಬಿಕೆಯೇ ಮುಳುವಾಯಿತು.

ಉತ್ತರದ ನೌಕಾಪತಿ ಡೇವಿಡ್ ಫ್ಯಾರಗಟ್ ಹುಟ್ಟಿನಿಂದ ದಕ್ಷಿಣದವನು; ಬಾಲ್ಯದ ಕೆಲವು ವರ್ಷಗಳನ್ನು ಕಳೆದುದು ಈ ನಗರದಲ್ಲಿಯೇ; ಅವನ ತಾಯಿ ತೀರಿಕೊಂಡುದೂ ಇಲ್ಲಿಯೇ. ಅಂತಃಕಲಹದ ಕ್ರೌರ್ಯಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ೧೮೬೨ನೆಯ ಏಪ್ರಿಲ್ ೧೮ರಿಂದ ಪೋರ್ಟರನ ಗುಂಡಿನ ದೋಣಿಗಳು ಕೋಟೆಗಳ ಮೇಲೆ ಹಗಲಿರುಳು ಗುಂಡು ಸುರಿಸಿದರೂ ಅವು ಮಣಿಯಲಿಲ್ಲ. ಆಗ ಫ್ಯಾರಗಟ್ ಕೋಟೆಗಳನ್ನು ಗೆಲ್ಲುವ ಗೊಡವೆಯನ್ನೇ ಬಿಟ್ಟು, ಸರಪಣಿಯಲ್ಲಿ ಮೊದಲೇ ಮಾಡಿಸಿದ್ದ ಕಿಂಡಿಯೊಳಗಿಂದ ೨೪ರ ಬೆಳಗಿನ ಜಾವದ ಕತ್ತಲೆಯಲ್ಲಿ ೧೭ ಹಡಗುಗಳನ್ನು ನುಗ್ಗಿಸಿದನು. ಉರಿಯುವ ತೆಪ್ಪವೊಂದು ತಗುಲಿ ಅವನ ಹಡಗು ಹಾರ್ಟ್‌ಫರ್ಡ್ ಹೊತ್ತಿಕೊಂಡಿತು. ನಾವಿಕರು ಬೆಂಕಿಯನ್ನು ನಂದಿಸಿ ಮುನ್ನಡೆದರು. ನಮ್ಮ ಜಲಾಧಿದೇವತೆಯ ಹೆಸರನ್ನು ಹೊತ್ತ 'ವರುಣಾ' ಎಂಬ ಹಡಗು ಶತ್ರುಗಳ ತಿವಿತದಿಂದ ನೀರಿನ ಪಾಲಾಯಿತು. ಮೂರು ಹಿಂದುಳಿದವು; ಮಿಕ್ಕವು ದಾಟಿದವು.

ನದಿಯು ತುಂಬಿ ಹರಿಯುತ್ತಿದ್ದುದರಿಂದ ಹಡಗಿನ ಫಿರಂಗಿಗಳು ಏರಿಯ ಮೇಲಿನಿಂದ ಬೀದಿಗಳನ್ನೇ ದಿಟ್ಟಿಸುತ್ತಿದ್ದುವು. ದಳಪತಿ ಲೊವೆಲ್ ನಗರವನ್ನುಳಿಸಲು ಸೈನ್ಯದೊಡನೆ ಹೊರಟುಹೋದನು. ಜನರು ದಡದ ಹತ್ತಿಗೆ ತಾವೇ ಬೆಂಕಿಯಿಟ್ಟರು. ೨೮ರಂದು ಕೋಟೆಗಳು ಶರಣಾದವು. ಮೇ ೧ರಂದು ಬಟ್ಲರನ ಸೈನ್ಯವು ನಗರವನ್ನು ಹೊಕ್ಕಿತು. ಮರುವರ್ಷ ಜುಲೈಯಲ್ಲಿ ವಿಕ್ಸ್‌ಬರ್ಗ್, ಪೋರ್ಟ್ ಹಡ್ಸನ್‌ಗಳೂ ಬೀಳಲು, ಮಿಸಿಸಿಪ್ಪಿಯು ದಕ್ಷಿಣವನ್ನು ಇಬ್ಭಾಗಿಸಿತು.

ಈ ಕಲಹದ ಬಿಸಿ ಕನ್ನಡನಾಡಿಗೂ ತಾಗಿತು. ೧೮೪೦ರ ದಶಕದಿಂದ ಧಾರವಾಡದ ಎರೆಹೊಲಗಳಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೆಳೆಯುತ್ತಿದ್ದಿತು. ಅಮೇರಿಕದ ಹತ್ತಿ ನಿಂತೊಡನೆ ಇಲ್ಲಿಯ ಬೆಲೆ ಏರಿತು. ಕಾರವಾರವನ್ನು ಹತ್ತಿಯ ರೇವಾಗಿಸುವ ಯೋಚನೆಯಿಂದ ಉತ್ತರ ಕನ್ನಡವನ್ನು ೧೮೬೨ರಲ್ಲಿಯೇ ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿಸಿದರು. ಯುದ್ಧವು ಮುಗಿಯಲು ಬೆಲೆಯೂ ಇಳಿಯಿತು. ಒಂದು ರೇವಿನ ಬಾಗಿಲು ಮುಚ್ಚಿದರೆ ಸಪ್ತಸಮುದ್ರಗಳಾಚೆಯ ಒಕ್ಕಲಿಗನ ಕಣಜವೂ ಅಲುಗುವುದೆಂಬುದಕ್ಕೆ ಈ ವೃತ್ತಾಂತವೇ ಸಾಕ್ಷಿ.